ಒರೆಸುವ ಮುಂಚೆ ಒಂದು ಸಾಲು: ಕೆಲಸದ ಜಾಗದ ಸೋರಿಕೆಗಳನ್ನು ದಾಖಲಿಸಿ, ಅವುಗಳಿಂದ ಕಲಿಯುವುದು ಹೇಗೆ

ನಾನು ಹಿಂದೆ ಕೆಲಸಕ್ಕಿದ್ದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್ ಇತ್ತು, ಅಂದರೆ ಎಣ್ಣೆಯ ಒತ್ತಡದಿಂದ ಒತ್ತುವ ಯಂತ್ರ. ಅದರ ಹಿಂಭಾಗದಲ್ಲಿ ದಿನಾ ಬೆಳಿಗ್ಗೆ ಒಂದು ತಟ್ಟೆಯಗಲ ಎಣ್ಣೆ ಬಿದ್ದಿರುತ್ತಿತ್ತು. ನೆಲ ಒರೆಸುವ ಅಕ್ಕ ಬಂದು ಹಳೇ ಬಟ್ಟೆಯಲ್ಲಿ ಒರೆಸಿ ಹೋಗುತ್ತಿದ್ದರು. ಹೀಗೇ ನಾಲ್ಕು ತಿಂಗಳು ನಡೆಯಿತು. ಒಂದು ದಿನ ಅವರು ರಜೆ ಹಾಕಿದ್ದರು. ಫಿಟ್ಟರ್ ಒಬ್ಬರು ಸ್ಪ್ಯಾನರ್ ಹಿಡಿದು ಆ ಕಡೆ ಹೋದವರು ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು.

ಆವತ್ತಿನ ಅಪಘಾತದ ಫಾರ್ಮಿನಲ್ಲಿ ‘ಕಾರಣ’ ಅನ್ನುವ ಕಡೆ ನಾನು ಬರೆದದ್ದು ಇಷ್ಟು: “ನೆಲ ಜಾರುತ್ತಿತ್ತು, ಎಚ್ಚರ ವಹಿಸಲಿಲ್ಲ.” ‘ಕ್ರಮ’ ಅನ್ನುವ ಕಡೆ: “ಎಚ್ಚರಿಕೆಯಿಂದ ಇರಲು ತಿಳಿಸಲಾಗಿದೆ.” ಸಹಿ ಹಾಕಿ ಫೈಲಿಗೆ ಸೇರಿಸಿದೆ. ಎರಡು ದಿನ ಬಿಟ್ಟು ರಜೆ ಮುಗಿಸಿ ಬಂದ ಅಕ್ಕ ಹೇಳಿದರು: “ಅಯ್ಯೋ ಸರ್, ಅಲ್ಲಿ ದಿನಾ ಇರುತ್ತೆ. ಸೋಮವಾರ ಅಂತೂ ಇನ್ನೂ ಜಾಸ್ತಿ.”

ಸೋಮವಾರ ಯಾಕೆ ಜಾಸ್ತಿ? ಭಾನುವಾರ ಪ್ರೆಸ್ ನಿಂತಿರುತ್ತದೆ, ಒರೆಸುವವರೂ ಬರುವುದಿಲ್ಲ. ಯಂತ್ರ ಓಡುವಾಗ ಮಾತ್ರ ಸೋರುವುದಾದರೆ ಸೋಮವಾರವೂ ಬೇರೆ ದಿನದಷ್ಟೇ ಇರಬೇಕಿತ್ತು. ನಿಂತಾಗಲೂ ಸೋರುತ್ತಿದೆ ಅಂದರೆ ಒತ್ತಡಕ್ಕೆ ಸೋರುವ ಪೈಪಿನ ಮೇಲೆ ಅನುಮಾನ ಕಡಿಮೆಯಾಯಿತು. ಟ್ಯಾಂಕಿನ ಎಣ್ಣೆ ಮಟ್ಟಕ್ಕಿಂತ ಕೆಳಗಿರುವ ಯಾವುದೋ ಜಾಯಿಂಟ್ ಇರಬೇಕು. ಬಗ್ಗಿ ನೋಡಿದೆವು. ಪಂಪಿಗೆ ಎಣ್ಣೆ ಎಳೆಯುವ ಸಕ್ಷನ್ ಹೋಸಿನ ಜಾಯಿಂಟ್ ಸಡಿಲವಾಗಿತ್ತು. ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅಕ್ಕನ ಆ ಒಂದು ಮಾತು ನಾಲ್ಕು ತಿಂಗಳ ಹಿಂದೆಯೇ ಒಂದು ಪುಸ್ತಕದಲ್ಲಿ ಇದ್ದಿದ್ದರೆ ಆ ಕೈ ಮುರಿಯುತ್ತಿರಲಿಲ್ಲ.

ಅಲ್ಲಿಂದೀಚೆಗೆ ನಾನು ಸೋರಿಕೆಯ ದಾಖಲೆಯನ್ನು ಬರೆಯುವುದು ನಾಳೆ ಅದೇ ಜಾಗದಲ್ಲಿ ನಡೆದಾಡುವವರಿಗಾಗಿ. ಹಾಗೆ ಬರೆಯಲು ಏನೇನು ಬೇಕು ಅನ್ನುವುದನ್ನು ಮುಂದೆ ಹಂತ ಹಂತವಾಗಿ ಹೇಳಿದ್ದೇನೆ. ಕಾರ್ಖಾನೆ, ಲ್ಯಾಬ್, ಗೋದಾಮು, ಆಸ್ಪತ್ರೆ, ಗ್ಯಾರೇಜ್ ಎಲ್ಲಕ್ಕೂ ಇದು ಹೊಂದುತ್ತದೆ.

ಹಂತ 1: ಯಾವುದು ಸೋರಿಕೆ ಅಂತ ಮೊದಲೇ ತೀರ್ಮಾನಿಸಿ

ಒಳಗಿರಬೇಕಾದದ್ದು ಹೊರಗೆ ಬಂದರೆ ಅದು ಸೋರಿಕೆ. ಎಣ್ಣೆ, ಆಸಿಡ್, ಥಿನ್ನರ್, ಡೀಸೆಲ್, ಕೂಲೆಂಟ್, ನೆಲ ತೊಳೆಯುವ ದ್ರಾವಣ, ಪುಡಿ ರೂಪದ ರಾಸಾಯನಿಕ, ಎಲ್ಲವೂ ಸೇರುತ್ತವೆ. ಕೆಳಗಿಟ್ಟ ಟ್ರೇಯೊಳಗೇ ಬಿದ್ದರೂ ಬರೆಯಿರಿ. ಟ್ರೇ ತನ್ನ ಕೆಲಸ ಮಾಡಿದೆ ನಿಜ, ಆದರೆ ಡಬ್ಬ ಮಾಡಲಿಲ್ಲವಲ್ಲ.

ಇನ್ನೂ ಚೆಲ್ಲದೇ ಇರುವುದನ್ನೂ ಬರೆಯಬೇಕು. ಬಿರುಕು ಬಿಟ್ಟ ಕ್ಯಾನ್, ಉಬ್ಬಿದ ಡ್ರಮ್, ಫೋರ್ಕ್‌ಲಿಫ್ಟಿನ ಫೋರ್ಕ್ ತಾಗಿ ಗೀರು ಬಿದ್ದ ಟ್ಯಾಂಕ್, ಮುಚ್ಚಳ ಸಡಿಲವಾಗಿ ಸಿಕ್ಕ ಬಾಟಲಿ. ಇವುಗಳನ್ನು ನಿಯರ್ ಮಿಸ್ ಅನ್ನುತ್ತಾರೆ. ಯಾರಿಗೂ ನೋವಾಗದೆ, ಏನೂ ಹಾಳಾಗದೆ ಸಿಗುವ ಪಾಠ ಇದೊಂದೇ.

ಹಂತ 2: ಎರಡು ಬಗೆಯ ದಾಖಲೆ ಇಡಿ

ಎಲ್ಲಕ್ಕೂ ನಾಲ್ಕು ಪುಟದ ಫಾರ್ಮ್ ತುಂಬಿಸಿ ಅಂದರೆ ಯಾರೂ ಏನನ್ನೂ ಬರೆಯುವುದಿಲ್ಲ. ಸುಮ್ನೆ ಒರೆಸಿ ಹೋಗುತ್ತಾರೆ. ಅದಕ್ಕೇ ಸಣ್ಣ ಸೋರಿಕೆಗೆ ಒಂದೇ ಸಾಲಿನ ರಿಜಿಸ್ಟರ್ ಇಡಿ. ದಿನ, ಹೊತ್ತು, ಎಲ್ಲಿ, ಏನು, ಸುಮಾರು ಎಷ್ಟು, ಎಲ್ಲಿಂದ ಬಂತು, ಏನು ಮಾಡಿದೆವು. ಇಷ್ಟು ಖಾನೆ ಸಾಕು. ಬರೆಯಲು ಅರ್ಧ ನಿಮಿಷ.

ಆ ಪುಸ್ತಕವನ್ನು ಆಫೀಸಿನ ಬೀರುವಿನಲ್ಲಿ ಇಡಬೇಡಿ. ಹೀರುವ ಪ್ಯಾಡು, ಕೈಗವಸು ಇರುವ ಸ್ಪಿಲ್ ಕಿಟ್ ಪಕ್ಕದಲ್ಲೇ ಪೆನ್ನಿನ ಸಮೇತ ನೇತುಹಾಕಿ. ಒರೆಸುವವರ ಕೈಗೆ ಎಟುಕುವಂತಿರಬೇಕು, ಅವರಿಗೆ ಬರುವ ಭಾಷೆಯಲ್ಲಿರಬೇಕು. ಬರೆಯಲು ಬಾರದವರಿದ್ದರೆ ಅವರು ಹೇಳಿದ್ದನ್ನು ಬರೆದುಕೊಳ್ಳುವ ಒಬ್ಬರನ್ನು ಪ್ರತಿ ಶಿಫ್ಟಿಗೂ ಗೊತ್ತು ಮಾಡಿ. ಅತಿ ಹೆಚ್ಚು ಸೋರಿಕೆ ನೋಡುವವರು ಸ್ವಚ್ಛತೆಯ ಕೆಲಸದವರು. ನಮ್ಮಲ್ಲಿ ಅವರನ್ನು ಬಿಟ್ಟು ಉಳಿದ ಎಲ್ಲರ ಹತ್ತಿರವೂ ಫಾರ್ಮ್ ಇತ್ತು.

ಪೂರ್ಣ ಫಾರ್ಮ್ ಯಾವಾಗ? ಅದರ ಗೆರೆಯನ್ನೂ ಮೊದಲೇ ಎಳೆದಿಡಿ. ಲೀಟರ್ ಲೆಕ್ಕ ಒಂದನ್ನೇ ನಂಬಬೇಡಿ. ಟ್ರೇಯೊಳಗೆ ಬಿದ್ದ 20 ಲೀಟರ್ ಎಣ್ಣೆಗಿಂತ ಡ್ರೈನ್ ಪಕ್ಕ ಚೆಲ್ಲಿದ ಅರ್ಧ ಲೀಟರ್ ಥಿನ್ನರ್ ದೊಡ್ಡ ವಿಷಯ. ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ: ಯಾರ ಮೈಗಾದರೂ ತಾಗಿದರೆ ಅಥವಾ ಉಸಿರಿಗೆ ಹೋದರೆ, ಡ್ರೈನಿಗೋ ಮಣ್ಣಿಗೋ ಸೇರಿದರೆ, ಮೈ ಸುಡುವ, ಹೊತ್ತಿಕೊಳ್ಳುವ ಅಥವಾ ವಿಷದ ವಸ್ತುವಾದರೆ, ಇಲ್ಲವೇ ಅದೇ ಜಾಗದಲ್ಲಿ ಮೂರನೇ ಸಲ ಆದರೆ ಪೂರ್ಣ ಫಾರ್ಮ್. ಆ ಕೊನೆಯದನ್ನು ಮರೆಯಬೇಡಿ. ನಮ್ಮ ಪ್ರೆಸ್ಸಿನ ಎಣ್ಣೆ ಬರಬೇಕಾಗಿದ್ದದ್ದು ಅದರಲ್ಲೇ.

ಹೊರಗಿನ ಸರ್ಕಾರಿ ಇಲಾಖೆಗೆ ತಿಳಿಸಲೇಬೇಕಾದ ಸೋರಿಕೆಗಳೂ ಇರುತ್ತವೆ. ನಿಯಮ ಊರಿಂದೂರಿಗೆ ಬೇರೆ. ನಿಮಗೆ ಅನ್ವಯಿಸುವ ನಿಯಮ, ತಿಳಿಸಬೇಕಾದ ಗಡುವು, ಫೋನ್ ನಂಬರ್ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಚೆಲ್ಲಿದ ಮೇಲೆ ಹುಡುಕುವಂತಾಗಬಾರದು.

ಹಂತ 3: ಮೊದಲ ನಿಮಿಷಗಳಲ್ಲಿ ಜನ, ಆಮೇಲೆ ದಾಖಲೆ

ಪೆನ್ನು ಹಿಡಿಯುವ ಮುಂಚೆ ಜನರನ್ನು ದೂರ ಕಳಿಸಿ. ಏನು ಚೆಲ್ಲಿದೆ ಅಂತ ತಿಳಿದುಕೊಳ್ಳಿ. ಸುರಕ್ಷಿತವಾಗಿದ್ದರೆ ಮೂಲ ನಿಲ್ಲಿಸಿ: ವಾಲ್ವ್ ಮುಚ್ಚಿ, ಉರುಳಿದ ಡಬ್ಬ ನೆಟ್ಟಗೆ ಮಾಡಿ. ಆಮೇಲೆ ಡ್ರೈನಿಗೆ ಅಡ್ಡ ಹಾಕಿ, ಹರಡದಂತೆ ಸುತ್ತುಗಟ್ಟಿ, ಕೊನೆಗೆ ಎತ್ತಿ.

ಎತ್ತುವ ಮುಂಚೆ ಆ ವಸ್ತುವಿನ ಸೇಫ್ಟಿ ಡೇಟಾ ಶೀಟ್, ಅಂದರೆ ಅದರ ಸುರಕ್ಷತಾ ಮಾಹಿತಿಯ ಹಾಳೆ ನೋಡಿ. ಅದರಲ್ಲಿ 16 ಭಾಗಗಳಿವೆ. ಅವಸರದಲ್ಲಿ ಎಲ್ಲವನ್ನೂ ಓದಲಾಗುವುದಿಲ್ಲ. 6ನೇ ಭಾಗದಲ್ಲಿ ಚೆಲ್ಲಿದರೆ ಏನು ಮಾಡಬೇಕು ಅಂತ ಇದೆ, 8ರಲ್ಲಿ ಏನು ತೊಡಬೇಕು, 4ರಲ್ಲಿ ಪ್ರಥಮ ಚಿಕಿತ್ಸೆ, 10ರಲ್ಲಿ ಯಾವುದರ ಜೊತೆ ಸೇರಿಸಬಾರದು, 13ರಲ್ಲಿ ಕಸ ಎಲ್ಲಿ ಹಾಕಬೇಕು. ಬ್ಲೀಚಿಗೆ ಆಸಿಡ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಗಾಢ ನೈಟ್ರಿಕ್ ಆಸಿಡ್ ಮೇಲೆ ಮರದ ಹೊಟ್ಟು ಹಾಕಿದರೆ ಬೆಂಕಿ ಹತ್ತಬಹುದು. ಪಾದರಸವನ್ನು ಪೊರಕೆಯಲ್ಲಿ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರಿನಲ್ಲೂ ಎಳೆಯಬಾರದು.

ಡ್ರೈನ್ ಬಗ್ಗೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರು ಕೀಟನಾಶಕಗಳನ್ನು ಹೊತ್ತುಕೊಂಡು ರೈನ್ ನದಿ ಸೇರಿತು. ಆ ನೀರನ್ನೆಲ್ಲ ಹಿಡಿದಿಡುವಷ್ಟು ದೊಡ್ಡ ತೊಟ್ಟಿ ಅಲ್ಲಿರಲಿಲ್ಲ. ನದಿಯುದ್ದಕ್ಕೂ ನೂರಾರು ಕಿಲೋಮೀಟರ್ ಮೀನು ಸತ್ತವು. ಹಾಗಾಗಿ ನನ್ನ ಫಾರ್ಮಿನಲ್ಲಿ “ಡ್ರೈನ್ ಎಷ್ಟು ದೂರ, ತಲುಪಿತೇ” ಅನ್ನುವ ಪ್ರಶ್ನೆ ಮೇಲ್ಗಡೆಯೇ ಇದೆ.

ಹಂತ 4: ಒರೆಸುವ ಮುಂಚೆ ನೋಡಿ, ಫೋಟೋ ತೆಗೆಯಿರಿ

ಒರೆಸಿದ ಮೇಲೆ ಸಾಕ್ಷಿ ಇರುವುದಿಲ್ಲ. ಅಪಾಯ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದು ನಿಮಿಷ ನಿಂತು ನೋಡಿ. ಮೂರು ಫೋಟೋ ಸಾಕು. ಇಡೀ ಜಾಗ ಕಾಣುವ ಒಂದು, ಚೆಲ್ಲಿದ್ದರ ಅಗಲ ಗೊತ್ತಾಗುವಂತೆ ಪಕ್ಕದಲ್ಲಿ ಟೇಪ್ ಇಟ್ಟು ಒಂದು, ಎಲ್ಲಿಂದ ಬಂತೋ ಅದರ ಹತ್ತಿರದ ಚಿತ್ರ ಒಂದು. ಥಿನ್ನರ್, ಪೆಟ್ರೋಲ್ ಥರದ ಆವಿ ಇರುವ ಜಾಗಕ್ಕೆ ಮಾತ್ರ ಮೊಬೈಲ್ ತೆಗೆದುಕೊಂಡು ಹೋಗಲೇಬೇಡಿ. ಅದು ಕಿಡಿಗೆ ಕಾರಣವಾಗಬಹುದು. ಅಂಥ ಕಡೆ ಆಮೇಲೆ ನೆನಪಿನಿಂದ ನಕ್ಷೆ ಬರೆದರೆ ಸಾಕು.

ಬರಿಗಣ್ಣಿಗೆ ಕಾಣುವುದು ಬಹಳ ಇರುತ್ತದೆ. ಹನಿ ಮೇಲಿಂದ ಬಿದ್ದು ಸಿಡಿದಿದೆಯೋ, ಗೋಡೆಗುಂಟ ಇಳಿದಿದೆಯೋ? ಅಂಚು ಒಣಗಿದೆಯೋ? ಅಡಿಯಲ್ಲಿ ಹಳೇ ಕಲೆ ಇದೆಯೋ? ಹಳೇ ಕಲೆ ಇದ್ದರೆ ಇದು ಮೊದಲ ಸಲ ಅಲ್ಲ. ಮುರಿದ ನಟ್ಟು, ಹರಿದ ಗ್ಯಾಸ್ಕೆಟ್, ಬಿರುಕು ಬಿಟ್ಟ ಹೋಸ್ ಸಿಕ್ಕಿದರೆ ಕಸಕ್ಕೆ ಹಾಕಬೇಡಿ. ಚೀಲಕ್ಕೆ ಹಾಕಿ ತಾರೀಖು ಬರೆದಿಡಿ.

ಹಂತ 5: ಎಷ್ಟು ಚೆಲ್ಲಿತು ಅಂತ ಲೆಕ್ಕ ಹಾಕಿ

“ಸ್ವಲ್ಪ” ಅನ್ನುವುದು ಅಳತೆಯಲ್ಲ. ಒಬ್ಬರ ಸ್ವಲ್ಪ ಇನ್ನೊಬ್ಬರಿಗೆ ಬಕೆಟ್. ಸುಲಭದ ಲೆಕ್ಕ ಒಂದಿದೆ: ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪ ನಿಂತರೆ ಅದು ಸರಿಯಾಗಿ ಒಂದು ಲೀಟರ್. ಹಾಗಾಗಿ 3 ಮೀಟರ್ ಉದ್ದ, 2 ಮೀಟರ್ ಅಗಲಕ್ಕೆ 1 ಮಿಲಿಮೀಟರ್ ದಪ್ಪ ಹರಡಿದ್ದರೆ 6 ಲೀಟರ್. ನೆಲ ಇಳಿಜಾರಿದ್ದರೆ ಅಥವಾ ತಗ್ಗು ಇದ್ದರೆ ಈ ಲೆಕ್ಕ ತಪ್ಪುತ್ತದೆ. ಡಬ್ಬದಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅನ್ನುವ ಲೆಕ್ಕ ಸಿಕ್ಕರೆ ಅದನ್ನೇ ನಂಬಿ.

ಎತ್ತಿದ್ದು ಎಷ್ಟು ಅನ್ನುವುದನ್ನೂ ಬರೆಯಿರಿ. 10 ಲೀಟರ್ ಹೋಗಿ 7 ಲೀಟರ್ ಸಿಕ್ಕಿದ್ದರೆ ಉಳಿದ 3 ಲೀಟರ್ ಎಲ್ಲಿ? ಆವಿಯಾಯಿತೇ, ಬಿರುಕಿನೊಳಗೆ ಇಳಿಯಿತೇ, ಡ್ರೈನಿಗೆ ಹೋಯಿತೇ? ಉತ್ತರ ಸಿಗುವ ತನಕ ದಾಖಲೆ ಮುಗಿಸಬೇಡಿ.

ಪ್ಯಾಡು, ಬಟ್ಟೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚೆಲ್ಲಿದ್ದನ್ನು ಕುಡಿದ ಪ್ಯಾಡು ಆ ವಸ್ತುವಿನಷ್ಟೇ ಅಪಾಯ. ಅಗಸೆ ಎಣ್ಣೆ ಥರದ ಒಣಗುವ ಎಣ್ಣೆ ಹೀರಿದ ಬಟ್ಟೆಯನ್ನು ರಾಶಿ ಹಾಕಿಟ್ಟರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಎಲ್ಲಿ ಹಾಕಿದಿರಿ ಅಂತ ಬರೆಯಿರಿ, ಕಿಟ್ಟಿನಿಂದ ತೆಗೆದದ್ದನ್ನು ಅವತ್ತೇ ತುಂಬಿಸಿ.

ಹಂತ 6: ಪೂರ್ಣ ಫಾರ್ಮನ್ನು ಅದೇ ಶಿಫ್ಟಿನಲ್ಲಿ ತುಂಬಿಸಿ

ಒಂದು ರಾತ್ರಿ ಕಳೆದರೆ ನೆನಪು ತಾನಾಗಿ ಕಥೆಯಾಗುತ್ತದೆ. ಎರಡು ದಾಖಲೆಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ. ಒಂದು ಹೀಗಿದೆ:

“ಬೆಳಿಗ್ಗೆ ಥಿನ್ನರ್ ಚೆಲ್ಲಿದೆ. ನಿರ್ಲಕ್ಷ್ಯದಿಂದ ಆಗಿದೆ. ಸ್ವಚ್ಛಗೊಳಿಸಲಾಗಿದೆ.”

ಇನ್ನೊಂದು ಹೀಗೆ:

“ಬೆಳಿಗ್ಗೆ 6.10, ಶಿಫ್ಟ್ ಬದಲಾಗುವ ಹೊತ್ತು. ಪೇಂಟ್ ರೂಮ್, ಥಿನ್ನರ್ ಡ್ರಮ್ಮಿನ ಎದುರು. 200 ಲೀಟರ್ ಡ್ರಮ್ಮಿನಿಂದ 5 ಲೀಟರ್ ಕ್ಯಾನಿಗೆ ಹಿಡಿಯುವಾಗ ಕ್ಯಾನ್ ತುಂಬಿ ಹೊರಗೆ ಹರಿಯಿತು. ಸುಮಾರು ಒಂದೂವರೆ ಲೀಟರ್. ಡ್ರೈನ್ 3 ಮೀಟರ್ ದೂರ, ತಲುಪಿಲ್ಲ. ಹಿಡಿಯುತ್ತಿದ್ದವರು ಅದೇ ಹೊತ್ತಿಗೆ ಹಿಂದಿನ ಶಿಫ್ಟಿನವರ ಹತ್ತಿರ ಬಾಕಿ ಕೆಲಸ ಕೇಳುತ್ತಿದ್ದರು. ಡ್ರಮ್ಮಿನ ನಲ್ಲಿ ಕೈ ಬಿಟ್ಟರೂ ತೆರೆದೇ ಇರುತ್ತದೆ. ಕೆಳಗೆ ಟ್ರೇ ಇರಲಿಲ್ಲ. ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ಯಾರಿಗೂ ತಾಗಿಲ್ಲ.”

ಮೊದಲನೆಯದರಿಂದ ಯಾರಿಗೂ ಏನೂ ಮಾಡಲಾಗದು. ಎರಡನೆಯದರಲ್ಲಿ ಸರಿಪಡಿಸಬಹುದಾದ ಮೂರು ವಿಷಯ ಆಗಲೇ ಎದ್ದು ಕಾಣುತ್ತಿವೆ. ‘ನಿರ್ಲಕ್ಷ್ಯ’ ಅನ್ನುವ ಪದವೇ ಅದರಲ್ಲಿಲ್ಲ, ನೋಡಿ. ಕಂಡದ್ದನ್ನು ಬರೆಯಿರಿ, ತೀರ್ಪನ್ನು ಬರೆಯಬೇಡಿ. ಊಹೆ ಬರೆಯಲೇಬೇಕಾದರೆ “ಬಹುಶಃ” ಅಂತ ಸೇರಿಸಿ. ಏನು ಸರಿಯಾಗಿ ನಡೆಯಿತು ಅನ್ನುವುದಕ್ಕೂ ಜಾಗ ಬಿಡಿ. ಆ ಫ್ಯಾನ್ ಓಡುತ್ತಿದ್ದದ್ದು ಸಣ್ಣ ವಿಷಯವಲ್ಲ.

ಹಂತ 7: ಜನರನ್ನು ಮಾತಾಡಿಸಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಚೆಲ್ಲಿದವರಿಗೆ ಆಗಲೇ ಕೈ ನಡುಗುತ್ತಿರುತ್ತದೆ. ಮೊದಲು ಕೂರಿಸಿ, ನೀರು ಕೊಡಿ, “ನಿಮಗೇನೂ ಆಗಲಿಲ್ಲ ತಾನೇ?” ಅಂತ ಕೇಳಿ. ಆಮೇಲೆ “ಏನಾಯ್ತು ಅಂತ ಮೊದಲಿಂದ ಹೇಳಿ” ಅನ್ನಿ. ಮಧ್ಯೆ ಬಾಯಿ ಹಾಕಬೇಡಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ, ಆದರೆ ಆ ಜಾಗದಲ್ಲೇ ನಿಂತು ಕೇಳಿದರೆ ಒಳ್ಳೆಯದು. ಕೈ ಎಲ್ಲಿತ್ತು, ಡಬ್ಬ ಎಲ್ಲಿತ್ತು ಅಂತ ತೋರಿಸುತ್ತಾ ಹೇಳುವಾಗ ಮರೆತದ್ದೂ ನೆನಪಾಗುತ್ತದೆ.

“ಯಾಕೆ ಹಾಗೆ ಮಾಡಿದ್ರಿ?” ಅಂತ ಕೇಳಿದರೆ ಸಮಜಾಯಿಷಿ ಬರುತ್ತದೆ. “ಈ ಕೆಲಸ ದಿನಾ ಹೇಗೆ ಮಾಡ್ತೀರಿ?” ಅಂತ ಕೇಳಿದರೆ ಸತ್ಯ ಬರುತ್ತದೆ. ದಿನಾ ಹಾಗೇ ಮಾಡುತ್ತಾರೆ, ಇವತ್ತು ಚೆಲ್ಲಿತು ಅಷ್ಟೇ ಅನ್ನುವುದು ಎಷ್ಟೋ ಸಲ ಆಗ ಗೊತ್ತಾಗುತ್ತದೆ. “ಬೇರೆ ಯಾರಿಗಾದರೂ ಹೀಗೆ ಆಗಿದೆಯಾ?” ಅನ್ನುವುದನ್ನೂ ತಪ್ಪದೆ ಕೇಳಿ. ನೆಲ ಒರೆಸುವವರನ್ನು ಬಿಡಬೇಡಿ.

ಹೇಳಿದವರಿಗೆ ಶಿಕ್ಷೆಯಾದರೆ ಮುಂದಿನ ಸೋರಿಕೆ ನಿಮ್ಮ ಕಿವಿಗೆ ಬೀಳುವುದಿಲ್ಲ. ವಿಮಾನದವರು ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡರು. ಅಮೆರಿಕದಲ್ಲಿ 1976ರಲ್ಲಿ ಶುರುವಾದ ವಿಮಾನ ಸುರಕ್ಷತಾ ವರದಿ ವ್ಯವಸ್ಥೆಯನ್ನು ನಡೆಸುವುದು ನಾಸಾ. ದಂಡ ಹಾಕುವ ಅಧಿಕಾರ ಇರುವ ಇಲಾಖೆ ಬೇರೆ, ವರದಿ ತೆಗೆದುಕೊಳ್ಳುವವರು ಬೇರೆ. ಹೆಸರು ತೆಗೆದ ಮೇಲೆ ಪಾಠ ಎಲ್ಲರಿಗೂ ಹೋಗುತ್ತದೆ. ನಮ್ಮ ಜಾಗ ಎಷ್ಟೇ ಚಿಕ್ಕದಿರಲಿ, ಸಂಬಳ, ಬಡ್ತಿ ನಿರ್ಧರಿಸುವವರ ಬದಲು ಬೇರೊಬ್ಬರು ಈ ಮಾತುಕತೆ ನಡೆಸುವಂತೆ ಮಾಡಬಹುದು, ಅಲ್ವಾ?

ಹಂತ 8: ‘ಯಾಕೆ’ ಅಂತ ಕೇಳುತ್ತಾ ಹೋಗಿ

ಟೊಯೋಟಾದ ತೈಚಿ ಓನೊ ಕೊಡುತ್ತಿದ್ದ ಉದಾಹರಣೆ ಒಂದಿದೆ. ಯಂತ್ರ ನಿಂತಿತು, ಫ್ಯೂಸ್ ಹೋಗಿದೆ. ಯಾಕೆ? ಲೋಡ್ ಜಾಸ್ತಿಯಾಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲದಾಯಿತು. ಯಾಕೆ? ಪಂಪ್ ಸರಿಯಾಗಿ ಎಣ್ಣೆ ಎತ್ತುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ? ಸ್ಟ್ರೈನರ್ (ಸೋಸುವ ಜಾಲರಿ) ಇಲ್ಲದ್ದರಿಂದ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ಯಂತ್ರ ಮತ್ತೆ ನಿಲ್ಲುತ್ತಿತ್ತು.

ನಮ್ಮ ಪ್ರೆಸ್ಸಿಗೂ ಹೀಗೇ ಕೇಳಿದೆವು. ಫಿಟ್ಟರ್ ಯಾಕೆ ಬಿದ್ದರು? ನೆಲದಲ್ಲಿ ಎಣ್ಣೆ. ಯಾಕೆ? ಸಕ್ಷನ್ ಹೋಸಿನ ಜಾಯಿಂಟ್ ಸೋರುತ್ತಿತ್ತು. ಯಾಕೆ? ಹೋಸ್ ಅಲುಗಾಡಿ ಜಾಯಿಂಟ್ ಸಡಿಲವಾಗಿತ್ತು. ಯಾಕೆ ಅಲುಗಾಡಿತು? ಅದನ್ನು ಹಿಡಿದಿಡುವ ಕ್ಲಾಂಪ್ ಇರಲಿಲ್ಲ. ಮೋಟರ್ ಬದಲಿಸುವಾಗ ಬಿಚ್ಚಿದ್ದರು, ಮತ್ತೆ ಹಾಕಿರಲಿಲ್ಲ. ಯಾಕೆ ಹಾಕಲಿಲ್ಲ? ರಿಪೇರಿ ಮುಗಿದ ಮೇಲೆ ತುಂಬಿಸುವ ಹಾಳೆಯಲ್ಲಿ “ಯಂತ್ರ ಓಡುತ್ತಿದೆಯೇ” ಅಂತ ಮಾತ್ರ ಇತ್ತು. ಬಿಚ್ಚಿದ್ದೆಲ್ಲ ಮತ್ತೆ ಕೂತಿದೆಯೇ ಅಂತ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧವೇ ಸಿಗುತ್ತಿತ್ತು. ಇನ್ನೊಂದು ಕೊಂಬೆ ಇತ್ತು: ನಾಲ್ಕು ತಿಂಗಳು ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಗೊತ್ತಿತ್ತು. ಮೆಂಟೆನೆನ್ಸ್ ಪುಸ್ತಕ ತೆರೆದರೆ ಆ ಪ್ರೆಸ್ಸಿಗೆ ತಿಂಗಳಿಗೆ ಸುಮಾರು 3 ಲೀಟರ್ ಎಣ್ಣೆ ಟಾಪ್ ಅಪ್ ಮಾಡಿದ ಸಾಲುಗಳಿದ್ದವು. ತಟ್ಟೆಯಗಲದ ಎಣ್ಣೆ, ದಿನಕ್ಕೆ ಸುಮಾರು 100 ಮಿಲಿಲೀಟರ್, ಮೂವತ್ತು ದಿನ. ಲೆಕ್ಕ ಸರಿಯಾಗಿ ಕೂತಿತು. ಒಬ್ಬರು ಮೇಲಿಂದ ತುಂಬಿಸುತ್ತಿದ್ದರು, ಇನ್ನೊಬ್ಬರು ಕೆಳಗೆ ಒರೆಸುತ್ತಿದ್ದರು. ಇಬ್ಬರೂ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಅಂದಿನಿಂದ ನಾನು ಟಾಪ್ ಅಪ್ ಪುಸ್ತಕವನ್ನೂ ಸೋರಿಕೆಯ ರಿಜಿಸ್ಟರ್ ಅಂತಲೇ ಓದುತ್ತೇನೆ.

ಐದೇ ಸಲ ಕೇಳಬೇಕು ಅಂತೇನಿಲ್ಲ. ನಿಮ್ಮ ಕೈಯಲ್ಲಿ ಬದಲಿಸಲು ಆಗುವಂಥದ್ದು ಸಿಗುವ ತನಕ ಕೇಳಿ. ಉತ್ತರ ಒಬ್ಬ ಮನುಷ್ಯರ ಹೆಸರಿನಲ್ಲಿ ನಿಂತರೆ ಇನ್ನೂ ಮುಗಿದಿಲ್ಲ ಅಂತ ತಿಳಿಯಿರಿ.

ಹಂತ 9: ಗಟ್ಟಿಯಾದ ಕ್ರಮ ಆರಿಸಿ

“ತರಬೇತಿ ಕೊಡಲಾಗಿದೆ”, “ಎಚ್ಚರಿಕೆ ಫಲಕ ಹಾಕಲಾಗಿದೆ.” ಈ ಎರಡೇ ಕ್ರಮ ಕಂಡರೆ ಆ ಫಾರ್ಮನ್ನು ವಾಪಸ್ ಕಳಿಸಿ. ತರಬೇತಿ ಬೇಕು, ಆದರೆ ಅದು ಜನರ ನೆನಪಿನ ಮೇಲೆ ನಿಂತಿದೆ. ಬೆಳಿಗ್ಗೆ 6 ಗಂಟೆಗೆ ನೆನಪು ಕೈ ಕೊಡುತ್ತದೆ.

ಆ ಥಿನ್ನರ್ ಸೋರಿಕೆಯನ್ನೇ ತೆಗೆದುಕೊಳ್ಳಿ. ಮೊದಲು ಕೇಳಬೇಕಾದದ್ದು: ಇಲ್ಲಿ ಥಿನ್ನರ್ ಬೇಕೇ? ನೀರಿನ ಬಣ್ಣಕ್ಕೆ ಬದಲಾದರೆ ಹೇಗೆ? ಬೇಕೇ ಬೇಕು ಅಂದರೆ ತುಂಬಿದ 5 ಲೀಟರ್ ಕ್ಯಾನುಗಳನ್ನೇ ತರಿಸಿದರೆ ಡ್ರಮ್ಮಿನಿಂದ ಹಿಡಿಯುವ ಕೆಲಸವೇ ಇರುವುದಿಲ್ಲ. ಅದೂ ಆಗದಿದ್ದರೆ ಕೈ ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ನಲ್ಲಿ ಹಾಕಿ, ಅಡಿಯಲ್ಲಿ ಟ್ರೇ ಇಡಿ. ಡ್ರಮ್ ಇಡುವ ಟ್ರೇ ಅಥವಾ ಕಟ್ಟೆ ಅತಿ ದೊಡ್ಡ ಪಾತ್ರೆಯ ಶೇ. 110ರಷ್ಟು ಹಿಡಿಯಬೇಕು ಅನ್ನುವುದು ಹಲವು ಕಡೆ ಪಾಲಿಸುವ ಅಳತೆ. 200 ಲೀಟರ್ ಡ್ರಮ್ಮಿಗೆ 220 ಲೀಟರ್. ಇವೆಲ್ಲ ಆದ ಮೇಲೆ “ಶಿಫ್ಟ್ ಬದಲಾಗುವಾಗ ಥಿನ್ನರ್ ಹಿಡಿಯಬಾರದು” ಅನ್ನುವ ನಿಯಮ, ಕೊನೆಗೆ ಕೈಗವಸು, ಕನ್ನಡಕ. ಆ ನಲ್ಲಿ ನಾಳೆಯೇ ಸಿಗದಿದ್ದರೆ ಅದು ಬರುವ ತನಕ ಏನು ಮಾಡುತ್ತೀರಿ ಅನ್ನುವುದನ್ನೂ ಬರೆಯಿರಿ.

ಪ್ರತಿ ಕ್ರಮದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಇರಲಿ. “ಮೆಂಟೆನೆನ್ಸ್ ವಿಭಾಗ” ಅಂತ ಬರೆದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಹಂತ 10: ಎಲ್ಲರಿಗೂ ತಿಳಿಸಿ, ತಿಂಗಳಿಗೊಮ್ಮೆ ಒಟ್ಟಿಗೆ ಓದಿ

ಮೊದಲು ಬರೆದವರಿಗೇ ಹೋಗಿ ಹೇಳಿ: “ನೀವು ಬರೆದದ್ದರಿಂದ ಇದು ಬದಲಾಯಿತು.” ಇದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲ. ಆಮೇಲೆ ಶಿಫ್ಟ್ ಶುರುವಾಗುವಾಗ ಐದು ನಿಮಿಷ ನಿಂತಲ್ಲೇ ಎಲ್ಲರಿಗೂ ಹೇಳಿ. ಹೆಸರು ಬೇಡ. ಏನಾಯಿತು, ಯಾಕಾಯಿತು, ಏನು ಬದಲಿಸಿದೆವು, ನಿಮ್ಮಲ್ಲೂ ಹೀಗೊಂದು ನಲ್ಲಿ ಇದೆಯೇ? ಸಾಧ್ಯವಾದರೆ ಹರಿದ ಗ್ಯಾಸ್ಕೆಟನ್ನು ಕೈಯಿಂದ ಕೈಗೆ ಕೊಡಿ. ಮುಟ್ಟಿ ನೋಡಿದ್ದು ನೆನಪಿರುತ್ತದೆ.

ತಿಂಗಳಿಗೊಮ್ಮೆ ರಿಜಿಸ್ಟರ್ ಹಿಡಿದು ಕೂರಿ. ಜಾಗದ ನಕ್ಷೆಯ ಮೇಲೆ ಪ್ರತಿ ಸೋರಿಕೆಗೂ ಒಂದು ಚುಕ್ಕೆ ಇಡಿ. ಬಿಡಿಬಿಡಿಯಾಗಿ ಏನೂ ಅಲ್ಲ ಅನ್ನಿಸಿದ ಸಾಲುಗಳು ಆಗ ಮಾತಾಡುತ್ತವೆ. ಚುಕ್ಕೆ ಒಂದೇ ಮೂಲೆಯಲ್ಲಿ ಗುಂಪಾಗಿದೆಯೇ? ಒಂದೇ ಹೊತ್ತಿನಲ್ಲೇ? ಒಂದೇ ಬಗೆಯ ಡಬ್ಬದಿಂದಲೇ? ಡಬ್ಬದಿಂದ ಡಬ್ಬಕ್ಕೆ ಸುರಿಯುವಾಗಲೇ? ಇಲ್ಲಿ ಅವಸರ ಬೇಡ. ಇಡೀ ಪುಸ್ತಕ ಇಟ್ಟದ್ದೇ ಈ ಒಂದು ಗಂಟೆಗಾಗಿ.

ಹೊಸದಾಗಿ ರಿಜಿಸ್ಟರ್ ಇಟ್ಟಾಗ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ. ಗಾಬರಿಯಾಗಬೇಡಿ, ಮೇಲಿನವರಿಗೂ ಮೊದಲೇ ಹೇಳಿಡಿ. ಮೊದಲೂ ಅಷ್ಟೇ ಚೆಲ್ಲುತ್ತಿತ್ತು, ಈಗ ಕಾಣುತ್ತಿದೆ. “ಈ ತಿಂಗಳು ಶೂನ್ಯ ಸೋರಿಕೆ” ಅಂತ ಬಹುಮಾನ ಮಾತ್ರ ಕೊಡಬೇಡಿ. ಬಹುಮಾನಕ್ಕಾಗಿ ಜನ ಪುಸ್ತಕ ಮುಚ್ಚಿಡುತ್ತಾರೆ.

ಹಂತ 11: ಮೂರು ತಿಂಗಳ ಮೇಲೆ ಅಲ್ಲಿಗೆ ಹೋಗಿ ನೋಡಿ

“ಕ್ರಮ ಪೂರ್ಣಗೊಂಡಿದೆ” ಅನ್ನುವುದನ್ನು ಕಾಗದ ನೋಡಿ ಒಪ್ಪಬೇಡಿ. ಹೊಸ ನಲ್ಲಿ ಬಂದಿದೆಯೋ, ಬಂದ ಮೇಲೆ ಯಾರಾದರೂ ಅದನ್ನು ತಂತಿ ಕಟ್ಟಿ ತೆರೆದಿಟ್ಟಿದ್ದಾರೋ ಅಂತ ಕಣ್ಣಾರೆ ನೋಡಬೇಕು. ತಂತಿ ಕಟ್ಟಿದ್ದರೆ ಬೈಯಬೇಡಿ. ನಲ್ಲಿ ಬಹಳ ನಿಧಾನ ಇರಬಹುದು, ಹಿಡಿದು ಹಿಡಿದು ಕೈ ನೋಯುತ್ತಿರಬಹುದು. ಅದನ್ನೂ ಕೇಳಿ ಬರೆದುಕೊಳ್ಳಿ.

ಪ್ರೆಸ್ಸಿನ ವಿಷಯದಲ್ಲಿ ನಾವು ಮಾಡಿದ್ದು ಇಷ್ಟು. ಕ್ಲಾಂಪ್ ಹಾಕಿದೆವು, ಜಾಯಿಂಟ್ ಬಿಗಿ ಮಾಡಿದೆವು, ರಿಪೇರಿಯ ಹಾಳೆಗೆ “ಬಿಚ್ಚಿದ್ದೆಲ್ಲ ಮತ್ತೆ ಕೂತಿದೆಯೇ” ಅನ್ನುವ ಸಾಲು ಸೇರಿಸಿದೆವು. ಜಾಯಿಂಟಿನ ಕೆಳಗೆ ಒಂದು ಬಿಳಿ ರಟ್ಟು ಇಟ್ಟೆವು. ಒಂದು ಹನಿ ಬಿದ್ದರೂ ಬಿಳಿಯ ಮೇಲೆ ಕಂಡುಬಿಡುತ್ತದೆ. ಅದನ್ನು ನೋಡುವ ಕೆಲಸ ಅಕ್ಕ ತಾವಾಗಿ ವಹಿಸಿಕೊಂಡರು, ಸೋಮವಾರ ತಪ್ಪದೆ. ಮೂರು ತಿಂಗಳಾದ ಮೇಲೆ ನಾನು ಹೋದಾಗ ರಟ್ಟಿನ ಮೂಲೆಯಲ್ಲಿ ಅವರ ಕೈಬರಹದಲ್ಲಿ ಹನ್ನೆರಡು ತಾರೀಖುಗಳಿದ್ದವು. ಎಲ್ಲದರ ಮುಂದೆಯೂ ಒಂದೇ ಪದ: ಒಣಗಿದೆ.